ಎರಡು ಬಾಯಿಯ ಹೊಗೆ ಇಲ್ಲದ ಒಲೆ: ಮೂರು ವರ್ಷ ಉರಿಸಿದ ಮೇಲೆ

ನಮ್ಮ ಮನೆಯ ಸೌದೆ ಒಲೆಗೆ ಈ ನವೆಂಬರಿಗೆ ಮೂರು ವರ್ಷ ತುಂಬಿತು. ಇಟ್ಟಿಗೆ, ಮಣ್ಣು, ಎರಡು ಬಾಯಿ, ಹೆಂಚಿನ ಆಚೆ ತಲೆ ಎತ್ತಿ ನಿಂತ ಒಂದು ಹೊಗೆಕೊಳವೆ, ಇಷ್ಟೇ. ಕಟ್ಟಿದ್ದು ಪಕ್ಕದೂರಿನ ಒಬ್ಬ ಹೆಣ್ಣುಮಗಳು. ಸಾಮಾನು, ಕೂಲಿ, ಕೊಳವೆ ಎಲ್ಲ ಸೇರಿ 3,400 ರೂಪಾಯಿ ಆಯಿತು. ಕಟ್ಟಿಸಬಹುದಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಇದ್ದೂ ಸೌದೆ ಬಿಡಲಾಗದ ಮನೆಯಾದರೆ ಖಂಡಿತ ಕಟ್ಟಿಸಿ. ಗ್ಯಾಸಿನಲ್ಲೇ ಎಲ್ಲ ನಡೆಯುವ ಮನೆಯಾದರೆ ಬೇಡ, ಗ್ಯಾಸೇ ಒಳ್ಳೆಯದು.

ನಮ್ಮದು ತುರುವೇಕೆರೆ ಕಡೆ ಹಳ್ಳಿ. ತೆಂಗಿನ ತೋಟ ಇರುವ ಮನೆಗಳಲ್ಲಿ ಸೌದೆಗೆ ಬರವಿಲ್ಲ. ಒಣಗಿದ ಗರಿ, ಚಿಪ್ಪು, ಕಾಯಿ ಸುಲಿದ ಸಿಪ್ಪೆ ವರ್ಷವಿಡೀ ಇರುತ್ತದೆ. ಹಾಗಾಗಿ ಗ್ಯಾಸ್ ಬಂದು ಎಷ್ಟು ವರ್ಷವಾದರೂ ಸ್ನಾನದ ನೀರು, ರಾತ್ರಿಯ ಮುದ್ದೆ, ದನಕ್ಕೆ ಬೇಯಿಸುವ ಹುರುಳಿ ಸೌದೆಯ ಮೇಲೆಯೇ. ನಾನು ಶಾಲೆಗೆ ಹೊರಡುವ ಮುಂಚೆ ಕಾಫಿ ತಿಂಡಿ ಗ್ಯಾಸಿನಲ್ಲಿ ಮುಗಿಸುತ್ತೇನೆ. ಮಿಕ್ಕದ್ದಕ್ಕೆಲ್ಲ ಅತ್ತೆಯ ಒಲೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವರು ಊದುಗೊಳವೆ ಹಿಡಿದು ಕೂತು ಕಣ್ಣೊರೆಸಿಕೊಳ್ಳುವುದನ್ನು ನೋಡಿಕೊಂಡೇ ಬಂದಿದ್ದೇನೆ. 2022ರ ಮಳೆಗಾಲದಲ್ಲಿ ಕೆಮ್ಮು ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಮನೇಲಿ ಯಾರು ಬೀಡಿ ಸೇದ್ತಾರಮ್ಮ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ. ಅಷ್ಟರಲ್ಲಾಗಲೇ ಸಿಲಿಂಡರ್ ಬೆಲೆ ಸಾವಿರ ದಾಟಿತ್ತು. ಎಲ್ಲವನ್ನೂ ಗ್ಯಾಸಿಗೆ ಬದಲಾಯಿಸುವ ಮಾತು ಅಲ್ಲೇ ನಿಂತಿತು. ಇರುವ ಒಲೆಯನ್ನೇ ಸರಿಮಾಡಬೇಕು ಅನ್ನಿಸಿದ್ದು ಆಗ.

ಇಂಥ ಒಲೆ ನನಗೆ ಹೊಸದಲ್ಲ. ನನ್ನ ತವರು ಕುಣಿಗಲ್ ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದರು. ಅದರ ಹಳ್ಳಿಯ ನೆಲೆ ನಮ್ಮ ತಾಲ್ಲೂಕಿನ ಉಂಗ್ರದಲ್ಲಿತ್ತು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕ್ರಸ್ ಮೊದಲಾದವರು ಸೇರಿ ರೂಪಿಸಿದ ಮೂರು ಬಾಯಿಯ 'ಅಸ್ತ್ರ ಒಲೆ' 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಹೋಯಿತು. ಅದರ ಲೆಕ್ಕಾಚಾರ ಸರಳ. ತೆರೆದ ಒಲೆಯಲ್ಲಿ ಸೌದೆಯ ಕಾವಿನ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸಿಗುತ್ತದೆ, ಮಿಕ್ಕದ್ದು ಗಾಳಿಗೆ ಹೋಗುತ್ತದೆ. ಬೆಂಕಿಯನ್ನು ನಾಲ್ಕೂ ಕಡೆ ಮುಚ್ಚಿ, ಕೆಳಗೆ ಜಾಲರಿ ಇಟ್ಟು ಗಾಳಿ ಕೊಟ್ಟು, ಪಾತ್ರೆಯನ್ನು ಬಾಯೊಳಗೆ ಇಳಿಸಿ ಕೂರಿಸಿದರೆ ಉರಿ ಪಾತ್ರೆಯ ಮೈಯನ್ನು ಸುತ್ತಿಕೊಂಡು ಎರಡನೆಯ ಬಾಯಿಗೆ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತದೆ. ಕಾವೆಲ್ಲ ಬಿಟ್ಟುಕೊಟ್ಟ ಹೊಗೆ ಕೊನೆಗೆ ಕೊಳವೆ ಹತ್ತುತ್ತದೆ.

ನಮ್ಮವ್ವನ ಅಡುಗೆಮನೆಗೂ ಆ ನಮೂನೆಯ ಒಂದು ಒಲೆ ಬಂತು. ಯಾರೋ ಗುತ್ತಿಗೆ ಹಿಡಿದವರು ಕಳಿಸಿದ ಗಾರೆಯವನೊಬ್ಬ ಅರ್ಧ ದಿನದಲ್ಲಿ ಕಟ್ಟಿ, ಗೋಡೆಗೆ ನಂಬರು ಬರೆದು ಹೋದ. ಅದಕ್ಕೂ ಮೊದಲೇ ಮನೆಯಲ್ಲಿ ಜಗಳ ಆಗಿತ್ತು. ಹೊಗೆ ಆಡದಿದ್ದರೆ ತೊಲೆಗೆ ಗೆದ್ದಲು ಹಿಡಿಯುತ್ತದೆ, ಅಟ್ಟದ ಬಿತ್ತನೆ ಬೀಜಕ್ಕೆ ಹುಳ ಬೀಳುತ್ತದೆ ಎಂದು ತಾತನ ವಾದ. ಅದು ಸುಳ್ಳೂ ಅಲ್ಲ. ಹೊಗೆ ತೊಲೆಯನ್ನು ಕಾಯುವುದು ನಿಜ. ಆ ತೊಲೆಯ ಕೆಳಗೆ ಕೂತಿದ್ದವರು ಅವ್ವ. ಹೂಂ ಅನ್ನಿಸುವಷ್ಟರಲ್ಲಿ ಅವ್ವನಿಗೆ ಸಾಕುಸಾಕಾಗಿತ್ತು. ಅಷ್ಟು ಹೋರಾಡಿ ಕಟ್ಟಿಸಿಕೊಂಡ ಒಲೆಯಲ್ಲಿ ಅವ್ವನ ಮುದ್ದೆ ಪಾತ್ರೆ ಕೂರಲೇ ಇಲ್ಲ! ಗಾರೆಯವನ ಹತ್ತಿರ ಇದ್ದದ್ದು ಒಂದೇ ಅಳತೆ. ಪಾತ್ರೆ ಓಲಾಡಿದರೆ ಸಂದಿನಿಂದ ಹೊಗೆ ಬರುತ್ತಿತ್ತು. ಕೊಳವೆಯನ್ನು ಹೆಂಚಿನಿಂದ ಒಂದು ಗೇಣು ಮಾತ್ರ ಮೇಲೆ ಬಿಟ್ಟಿದ್ದರಿಂದ ಗಾಳಿ ಬೀಸಿದ ದಿನ ಹೊಗೆ ವಾಪಸ್ ಒಳಕ್ಕೇ ಬರುತ್ತಿತ್ತು. ಮುದ್ದೆ ತಿರುವುವ ರಭಸಕ್ಕೆ ಮೊದಲ ಬಾಯಿಯ ಅಂಚು ಬಿರಿಯಿತು. ಎರಡು ವರ್ಷಕ್ಕೆ ಅವ್ವನೇ ಹಾರೆ ತಗೊಂಡು ಒಡೆದು, ಅದೇ ಇಟ್ಟಿಗೆಯಲ್ಲಿ ಹಳೇ ಒಲೆ ಹೂಡಿದರು. ಒಲೆಯ ವಿನ್ಯಾಸದಲ್ಲಿ ತಪ್ಪಿರಲಿಲ್ಲ. "ಯಾವ ಪಾತ್ರೇಲಿ ಅಡುಗೆ ಮಾಡ್ತೀಯವ್ವಾ?" ಎಂದು ಕಟ್ಟುವಾಗ ಯಾರೂ ಕೇಳಲಿಲ್ಲ, ಅಷ್ಟೆ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರಲ್ಲಿ ನಿಂತುಹೋಯಿತು. ಅಷ್ಟರಲ್ಲಿ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆ ಕಟ್ಟಿದ ಲೆಕ್ಕ ಇತ್ತು. ಗೋಡೆಗೆ ನಂಬರು ಬಿದ್ದು ಎರಡೇ ವರ್ಷಕ್ಕೆ ಒಡೆದುಹೋದ ಒಲೆಯೂ ಅಂಥ ಲೆಕ್ಕದಲ್ಲಿ ಒಂದು ಒಲೆಯೇ.

ಅದೇ ಉಂಗ್ರದ ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಉರುವಲು ಎಲ್ಲಿಂದ ಬರುತ್ತದೆ ಎಂದು ಮನೆಮನೆ ಲೆಕ್ಕ ಹಾಕಿದ್ದರು. ಸೌದೆ ತರುವುದಕ್ಕೇ ಒಂದು ಮನೆಗೆ ದಿನಕ್ಕೆ ಸುಮಾರು ಎರಡೂವರೆ ಗಂಟೆ, ಐದು ಕಿಲೋಮೀಟರಿನಷ್ಟು ನಡಿಗೆ. ಊರಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರ ಪಾಲು ನೂರಕ್ಕೆ 53, ಗಂಡಸರದು 31, ಮಿಕ್ಕದ್ದು ಮಕ್ಕಳದು. ಸೌದೆ ತರಲು ಹೋದ ಮಗು ಆ ಹೊತ್ತು ಶಾಲೆಯಲ್ಲಿ ಇರುವುದಿಲ್ಲ. ಇದನ್ನು ಓದಿದಾಗ ನನಗೆ ನನ್ನ ತರಗತಿಯ ಹಾಜರಿ ಪುಸ್ತಕವೇ ಕಣ್ಣ ಮುಂದೆ ಬಂತು.

ಈಗಿನ ಒಲೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಟೈಡ್ ಸಂಸ್ಥೆಯವರು ಅಸ್ತ್ರ ಒಲೆಯ ಜಾಡಿನಲ್ಲೇ 'ಸರಳ' ಎಂಬ ಸಣ್ಣ ಒಲೆ ಮಾಡಿ, ಅದನ್ನು ಕಟ್ಟುವ ಕೆಲಸವನ್ನು ಹಳ್ಳಿಯ ಹೆಂಗಸರಿಗೆ ಕಲಿಸಿದ್ದಾರೆ. ನಮ್ಮ ಒಲೆಯೂ ಹೆಚ್ಚುಕಮ್ಮಿ ಅದೇ ಜಾತಿಯದು. ಕಟ್ಟಲು ಬಂದ ಅಕ್ಕನ ವಯಸ್ಸು ನಲವತ್ತರ ಮೇಲೆ. ಮುಂಚೆ ಕೂಲಿಗೆ ಹೋಗುತ್ತಿದ್ದವರು ಒಲೆ ಕಟ್ಟುವ ತರಬೇತಿ ಆದಮೇಲೆ ಇದನ್ನೇ ಕಸುಬು ಮಾಡಿಕೊಂಡಿದ್ದಾರೆ. ಒಂದು ಸಂಜೆ ಬರಿಗೈಯಲ್ಲಿ ಬಂದು ಸುಮ್ಮನೆ ಅಡುಗೆಮನೆಯಲ್ಲಿ ಕೂತರು. ಅತ್ತೆ ಮುದ್ದೆಗೆ ಎಸರಿಟ್ಟಿದ್ದರು.

"ನೀವು ಮಾಡ್ಕಳಿ ಅಮ್ಮಾ, ನಾನು ನೋಡ್ತೀನಿ" ಅಂದರು.

ಅತ್ತೆ ಹಿಟ್ಟು ಹಾಕಿ, ಕವೆಗೋಲಿನಿಂದ ಪಾತ್ರೆ ಒತ್ತಿಹಿಡಿದು, ಕೋಲಿನಲ್ಲಿ ತಿರುವತೊಡಗಿದರು. ಮುದ್ದೆ ತಿರುವುವುದು ಸಾರು ಕಲಕಿದ ಹಾಗಲ್ಲ. ಮೈಭಾರವೆಲ್ಲ ತೋಳಿಗೆ ಬರುತ್ತದೆ, ಪಾತ್ರೆ ಒಲೆಯನ್ನೇ ಎಳೆದುಕೊಂಡು ಹೋಗುತ್ತದೇನೋ ಅನ್ನುವ ಹಾಗೆ ಅಲುಗುತ್ತದೆ. ಆ ಅಕ್ಕ ನೋಡುತ್ತಿದ್ದದ್ದು ಪಾತ್ರೆಯನ್ನಲ್ಲ, ಅತ್ತೆಯ ಬಲ ಮೊಣಕಾಲನ್ನು. ತಿರುವುವಾಗ ಅವರು ಕಾಲನ್ನು ಯಾವ ಕಡೆ ಊರುತ್ತಾರೆ ಎಂದು ನೋಡಿಕೊಂಡು ಆ ಕಡೆಯ ಗೋಡೆಯನ್ನು ಎರಡು ಬೆರಳು ದಪ್ಪ ಇಡಬೇಕು ಎಂದರು. ಆಮೇಲೆ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಸಾಲಾಗಿ ಬೋರಲು ಹಾಕಿ, ಸೆರಗಿನಿಂದ ಒಂದು ದಾರ ತೆಗೆದು ಒಂದೊಂದರ ಹೊಟ್ಟೆಗೂ ಸುತ್ತಿ ಗಂಟು ಹಾಕಿಕೊಂಡರು. ಮುದ್ದೆ ಪಾತ್ರೆಗೆ ಒಂದು ಗಂಟು, ಸಾರಿನ ಪಾತ್ರೆಗೆ ಒಂದು, ನೀರಿನ ತಪ್ಪಲೆಗೆ ಒಂದು.

"ಕೂತು ಮಾಡ್ತೀರೋ, ನಿಂತು ಮಾಡ್ತೀರೋ?"

ಅತ್ತೆಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಮಂಡಿ ನೋಯ್ತದೆ ಕಣವ್ವ. ನಿಂತ್ಕಂಡು ಮುದ್ದೆ ತಿರುವೋಕಾಯ್ತದಾ?" ಅಂದರು. ಆಗುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡು, ಕಡೆಗೆ ಗಿಡ್ಡ ಮಣೆಯ ಮೇಲೆ ಕೂತರೆ ಸರಿಹೋಗುವ ಎತ್ತರಕ್ಕೆ ಒಪ್ಪಿದರು. ಆ ಎತ್ತರ ಯಾವ ನಕ್ಷೆಯಲ್ಲೂ ಇಲ್ಲ, ನಮ್ಮ ಅತ್ತೆಯ ಮಂಡಿಯ ಅಳತೆ ಅದು.

ಕಟ್ಟಲು ಒಂದೂವರೆ ದಿನ ಹಿಡಿಯಿತು. ಕೆಮ್ಮಣ್ಣು, ಮರಳು, ಸಗಣಿ, ಭತ್ತದ ಹೊಟ್ಟು ಹಾಕಿ ಹಿಂದಿನ ದಿನವೇ ತುಳಿದು ನೆನೆಸಿಟ್ಟಿದ್ದರು. ಕೂಲಿ ಮಾತಾಡುವಾಗ ನಮ್ಮ ಮಾವ, "ಹೆಣ್ಣಾಳು ಅಲ್ವೇನವ್ವ, ಸ್ವಲ್ಪ ಕಮ್ಮಿ ಮಾಡ್ಕೊ" ಅಂದರು. ಆಕೆ ಕರಣೆ ಕೆಳಗಿಟ್ಟು, "ಗಾರೆಯೋರು ಎಷ್ಟು ತಗತಾರೋ ಅಷ್ಟೇ ನಂದೂವೆ ಅಪ್ಪಾಜಿ. ಕರಣೆಗೆ ಗಂಡಾಳು ಹೆಣ್ಣಾಳು ಅಂತ ಇಲ್ಲ" ಅಂದರು. ಮಾವ ಮತ್ತೆ ಮಾತಾಡಲಿಲ್ಲ, ಮಾತಾಡಿದ್ದಷ್ಟನ್ನು ಪೂರ್ತಿ ಕೊಟ್ಟರು. ಕೊಳವೆಯನ್ನು ಹೆಂಚಿಗಿಂತ ಮೂರಡಿ ಮೇಲೆ ಎತ್ತಿ, ತುದಿಗೆ ಟೋಪಿ ಹಾಕಿ ಹೋದರು. ಹದಿನೈದು ದಿನ ಸಣ್ಣ ಉರಿಯಲ್ಲೇ ಒಣಗಿಸಬೇಕು, ಅವಸರ ಮಾಡಿದರೆ ಬಿರುಕು ಖಂಡಿತ ಎಂದು ಎರಡು ಸಲ ಹೇಳಿದ್ದರು. ಹಾಗೇ ಮಾಡಿದೆವು.

ಇನ್ನು ಉರಿಯುವ ವಿಷಯ. ನಾನು ಗಣಿತ ಹೇಳಿಕೊಡುವವಳು, ತೂಕ ಹಾಕದೆ ನಂಬುವುದಿಲ್ಲ. ಹಳೇ ಒಲೆ ಒಡೆಯುವ ಮುಂಚೆ ಒಂದು ವಾರ, ಹೊಸದು ಒಣಗಿದ ಮೇಲೆ ಒಂದು ವಾರ, ದಿನದ ಸೌದೆಯನ್ನು ತೂಗುಕೊಕ್ಕೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಹಳೆಯದರಲ್ಲಿ ದಿನಕ್ಕೆ ಸರಾಸರಿ ಏಳು ಕಿಲೋ ಹತ್ತಿರ, ಹೊಸದರಲ್ಲಿ ನಾಲ್ಕಕ್ಕೆ ಸ್ವಲ್ಪ ಮೇಲೆ. ಮೊದಲ ಬಾಯಲ್ಲಿ ಮುದ್ದೆ ಆಗುವಷ್ಟರಲ್ಲಿ ಎರಡನೆಯದರಲ್ಲಿ ಸಾರಿಗೆ ಬೇಳೆ ಮುಕ್ಕಾಲು ಬೆಂದಿರುತ್ತದೆ. ಸಾರು ಇಳಿಸಿ ತಪ್ಪಲೆ ಇಟ್ಟರೆ ಉಳಿದ ಕೆಂಡದ ಕಾವಿಗೇ ಮುಖ ಕೈಕಾಲು ತೊಳೆಯುವಷ್ಟು ನೀರು ಬಿಸಿ. ಸುಣ್ಣ ಹೊಡೆದ ಗೋಡೆ ಮೂರನೇ ವರ್ಷದಲ್ಲೂ ಸುಣ್ಣದ ಬಣ್ಣದಲ್ಲೇ ಇದೆ. ಪಾತ್ರೆಯ ತಳಕ್ಕೆ ಮಸಿ ಇದ್ದೇ ಇದೆ, ಒಳಗೆ ಇಳಿದು ಕೂರುವುದರಿಂದ ಮೈಗೂ ಹತ್ತುತ್ತದೆ. ಪಾತ್ರೆ ಉಜ್ಜುವವರಿಗೆ ಇದು ಹೆಚ್ಚಿನ ಕೆಲಸವೇ, ಮುಚ್ಚಿಡುವುದಿಲ್ಲ.

ತೊಂದರೆಗಳು ಇನ್ನೂ ಇವೆ. ದಪ್ಪ ಕೊರಡು ಹಾಕಿ ಮರೆತುಬಿಡುವ ಹಾಗಿಲ್ಲ. ಬಾಯಿ ಸಣ್ಣದು, ಸೌದೆ ಸೀಳಿ ಒಣಗಿಸಿಟ್ಟಿರಬೇಕು. ನಮ್ಮ ಮನೆಯಲ್ಲಿ ಆ ಸೀಳುವ ಕೆಲಸ ಈಗ ನಮ್ಮನೆಯವರದು, ಭಾನುವಾರ ಕೊಡಲಿ ಹಿಡಿಯುತ್ತಾರೆ. ಆ ಕೆಲಸವೂ ಹೆಂಗಸರ ತಲೆಗೇ ಬರುವ ಮನೆಯಾದರೆ ಈ ಒಲೆ ಒಂದು ಕಡೆ ಭಾರ ಇಳಿಸಿ ಇನ್ನೊಂದು ಕಡೆ ಹೊರಿಸಿದ ಹಾಗಾಗುತ್ತದೆ. ಕಟ್ಟಿಸುವ ಮೊದಲೇ ಇದನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. ಮದುವೆ ಮುಂಜಿಗೆ ದೊಡ್ಡ ಪಾತ್ರೆ ಇಡಲಾಗುವುದಿಲ್ಲ, ಅದಕ್ಕೆ ಹಿತ್ತಿಲಲ್ಲಿ ಕಲ್ಲು ಹೂಡುವುದೇ ಸೈ. ಚಳಿಗೆ ಮೈ ಕಾಯಿಸಿಕೊಳ್ಳಲು ಮೊದಲಿನ ಹಾಗೆ ಬೆಂಕಿ ಕಾಣುವುದಿಲ್ಲ ಎಂದು ಮಾವನಿಗೆ ಇನ್ನೂ ಬೇಸರ ಇದೆ.

'ಹೊಗೆ ಇಲ್ಲದ' ಎನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಹೊತ್ತಿಸುವಾಗ, ಸೌದೆ ತಳ್ಳುವಾಗ ಹೊಗೆ ಬರುತ್ತದೆ. ಕೊಳವೆಯಿಂದ ಆಚೆ ಹೋದದ್ದು ಕಿಟಕಿಯಿಂದ ಒಂದಿಷ್ಟು ಒಳಗೂ ಬರುತ್ತದೆ. ಅಡುಗೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಮುಂದೆ ಕೂರುವ ಹೆಂಗಸರು ಮತ್ತು ಅವರ ಮಡಿಲಲ್ಲಿರುವ ಕೂಸುಗಳು ಹೆಚ್ಚು ಹೊಗೆ ಕುಡಿಯುತ್ತಾರೆ. ಆ ಲೆಕ್ಕದಲ್ಲಿ ಸೌದೆಯ ಯಾವ ಒಲೆಯೂ ಗ್ಯಾಸಿಗೆ ಸಮವಲ್ಲ. ಅತ್ತೆಯ ಕೆಮ್ಮು ಕಡಿಮೆಯಾಗಿದೆ, ಹೋಗಿಲ್ಲ.

ಬಾಳಿಕೆ ಪೂರ್ತಿ ನಮ್ಮ ಕೈಯಲ್ಲೇ ಇದೆ. ಒಡಿಶಾದ ಹಳ್ಳಿಗಳಲ್ಲಿ ಕೊಳವೆ ಇರುವ ಇಂಥ ಒಲೆಗಳನ್ನು ಕೊಟ್ಟು ರೆಮಾ ಹನ್ನಾ, ಎಸ್ತರ್ ಡಫ್ಲೋ, ಮೈಕಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷ ಹಿಂದೆ ಬಿದ್ದು ನೋಡಿದ್ದರು. ಮೊದಲ ವರ್ಷ ಹೊಗೆ ಕುಡಿಯುವುದು ಕಡಿಮೆಯಾಯಿತು, ಆಮೇಲೆ ರಿಪೇರಿ ಇಲ್ಲದೆ, ಉಪಯೋಗವೂ ಕಡಿಮೆಯಾಗಿ, ಆ ಲಾಭವೆಲ್ಲ ಕರಗಿಹೋಯಿತು. ನಮ್ಮ ಒಲೆಗೂ ಅದೇ ಗತಿ ಆಗಬಹುದಿತ್ತು. ಒಲೆ ಅಕ್ಕ ಆರು ತಿಂಗಳಿಗೊಮ್ಮೆ ಈ ಕಡೆ ಬಂದಾಗ ಇಣುಕಿ ನೋಡಿ ಹೋಗುತ್ತಾರೆ. ಕಳೆದ ವರ್ಷ ದೀಪಾವಳಿಗೆ ಮುಂಚೆ ಅವರು ಹೇಳಿದ ಹಾಗೆ ನಮ್ಮನೆಯವರು ಮಾಡು ಹತ್ತಿ, ಹಗ್ಗಕ್ಕೆ ಗೋಣಿ ಸುತ್ತಿ ಕೊಳವೆಯೊಳಗೆ ಇಳಿಬಿಟ್ಟು ಎಳೆದರು. ಕೆಳಗೆ ಬಕೆಟ್ಟಿನ ಅರ್ಧಕ್ಕೆ ಮಸಿ ಬಿತ್ತು, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು. ಅತ್ತೆ ಬಕೆಟ್ ಮುಂದೆ ಕೂತು ಬಹಳ ಹೊತ್ತು ಅದನ್ನೇ ನೋಡಿ, "ಇದು ಒಂದೊರ್ಸದ್ದಾ?" ಅಂತ ಕೇಳಿದರು. ಅವರು ಈ ಮನೆಯ ಒಲೆ ಮುಂದೆ ಕೂತು ನಲವತ್ತೇಳು ವರ್ಷ.

ದುಡ್ಡಿನ ವಿಷಯಕ್ಕೆ ಬಂದರೆ, 3,400 ದೊಡ್ಡ ಮೊತ್ತವೇನಲ್ಲ. ಆದರೂ ಈ ಮನೆಗೆ ಇಂಥ ಒಲೆ ಬರಲು ಅಷ್ಟು ವರ್ಷ ಹಿಡಿಯಿತು. ಅತ್ತೆ ಕೇಳಿದಾಗಲೆಲ್ಲ ಪಂಪಿನ ಮೋಟರು ಸುಟ್ಟಿರುತ್ತಿತ್ತು, ಇಲ್ಲವೇ ಗೊಬ್ಬರ ತರಬೇಕಾಗಿರುತ್ತಿತ್ತು. ಬಾಂಗ್ಲಾದೇಶದಲ್ಲಿ ಗ್ರಾಂಟ್ ಮಿಲ್ಲರ್ ಮತ್ತು ಮುಷ್ಫಿಕ್ ಮೊಬಾರಕ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಅಳೆದು ನೋಡಿದ್ದಾರೆ. ಒಳ್ಳೆಯ ಒಲೆಯ ಆಸೆ, ಅದರಲ್ಲೂ ಆರೋಗ್ಯ ಕಾಯುವ ಒಲೆಯ ಆಸೆ, ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಆದರೆ ಕೊಂಡುಕೊಳ್ಳುವ ಮಾತು ಬಂದಾಗ ತೀರ್ಮಾನ ಅವರ ಕೈಯಲ್ಲಿರುವುದಿಲ್ಲ. ಕೇಂದ್ರ ಸರ್ಕಾರದ ಉಜ್ವಲ ಯೋಜನೆಯಲ್ಲಿ 2016ರಿಂದ ಗ್ಯಾಸ್ ಕನೆಕ್ಷನ್ನನ್ನು ಮನೆಯ ಹೆಂಗಸಿನ ಹೆಸರಿಗೇ ಕೊಟ್ಟದ್ದು ದೊಡ್ಡ ಕೆಲಸ, ಅದನ್ನು ನಾನು ಮನಸ್ಸಾರೆ ಒಪ್ಪುತ್ತೇನೆ. ಆದರೆ ಪುಸ್ತಕ ಯಾರ ಹೆಸರಲ್ಲಿದ್ದರೂ ಖಾಲಿ ಸಿಲಿಂಡರ್ ತುಂಬಿಸುವ ದುಡ್ಡು ಯಾರ ಜೇಬಿನಲ್ಲಿದೆ ಎನ್ನುವುದರ ಮೇಲೆ ಆ ಮನೆಯ ಹೊಗೆ ನಿಂತಿದೆ. ನಮ್ಮ ಒಲೆಗೆ ನನ್ನ ಸಂಬಳದಿಂದ 2,900 ಹೋಯಿತು. ಅತ್ತೆ ಕಡ್ಡಿ ಪೊರಕೆ ಮಾರಿ ಕೂಡಿಟ್ಟಿದ್ದ ಗಂಟಿನಿಂದ 500 ತೆಗೆದುಕೊಟ್ಟರು. ಬೇಡ ಎಂದೆ, ಕೇಳಲಿಲ್ಲ. "ನನ್ನ ದುಡ್ಡೂ ಇರ್ಲಿ ಅದ್ರಲ್ಲಿ" ಅಂದರು. ಅಂದಿನಿಂದ ಅದು ಮನೆಯವರೆಲ್ಲರ ಬಾಯಲ್ಲೂ "ಅಮ್ಮನ ಒಲೆ".

ಒಲೆ ಬಂದದ್ದರಿಂದ ಅತ್ತೆಗೆ ದಿನಕ್ಕೆ ಒಂದು ಗಂಟೆಯ ಮೇಲೆ ಉಳಿಯುತ್ತದೆ. ಸೌದೆ ಆಯುವುದು ಕಡಿಮೆ, ಊದುತ್ತಾ ಕೂರುವುದು ಇಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳಲ್ಲಿ ಐದನೆಯದು ಹೆಣ್ಣು ಗಂಡಿನ ಸಮಾನತೆ. ಸಂಬಳವಿಲ್ಲದ ಮನೆಗೆಲಸಕ್ಕೂ ಬೆಲೆ ಕೊಡಬೇಕು ಎಂಬ ಮಾತು ಅದರಲ್ಲೇ ಇದೆ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಇಂಥ ಕೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 289 ನಿಮಿಷ ಅದಕ್ಕೇ ಹೋಗುತ್ತದೆ, ಮಾಡುವ ಗಂಡಸರಿಗೆ 88. ಅಭಿವೃದ್ಧಿಯ ಮಾತಾಡುವವರು ಉಳಿದ ಸಮಯದಲ್ಲಿ ಹೆಂಗಸರು ಏನು ಸಂಪಾದಿಸಿದರು ಎಂದು ಕೇಳುತ್ತಾರೆ. ನಮ್ಮ ಅತ್ತೆ ಏನೂ ಸಂಪಾದಿಸಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ನಿದ್ದೆ ಮಾಡುತ್ತಾರೆ. ಮಾವ ಇಷ್ಟು ವರ್ಷ ಅಲ್ಲೇ ಅದೇ ಹೊತ್ತಿಗೆ ಮಲಗುತ್ತಿದ್ದರು, ಅದನ್ನು ಯಾರೂ ಸಮಯ ವ್ಯರ್ಥ ಅನ್ನಲಿಲ್ಲ. ಅತ್ತೆಯ ಆ ನಿದ್ದೆಯನ್ನು ಈ ಒಲೆಯ ಗುಣಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ.

ಕಟ್ಟಿಸುವವರಿಗೆ ಒಂದೆರಡು ಮಾತು. ರೆಡಿಮೇಡ್ ಅಚ್ಚು ಹಿಡಿದು ಬರುವವರನ್ನು ಒಪ್ಪಬೇಡಿ. ಬಂದವರು ನಿಮ್ಮ ಪಾತ್ರೆ ಅಳೆಯದಿದ್ದರೆ, ಅಡುಗೆ ಮಾಡುವವರನ್ನು ಮಾತಾಡಿಸದೆ ಮನೆ ಯಜಮಾನರ ಹತ್ತಿರವೇ ಮಾತು ಮುಗಿಸಿದರೆ, ವಾಪಸ್ ಕಳಿಸಿ. ಕೊಳವೆ ಹೆಂಚಿನ ಮೇಲೆ ಮೂರಡಿಗೆ ಕಡಿಮೆ ಬೇಡ. ಮನೆಯಲ್ಲಿ ಬಾಣಂತಿ, ಕೂಸು ಇದ್ದರೆ ಅಷ್ಟು ದಿನ ಗ್ಯಾಸಿನಲ್ಲೇ ಮಾಡಿ, ದುಡ್ಡಿನ ಮುಖ ನೋಡಬೇಡಿ. ಕೆಲಸ ಮಳೆಗೆ ಮುಂಚೆ ಇಲ್ಲವೇ ಮಳೆ ಮುಗಿದ ಮೇಲೆ ಆಗಬೇಕು, ಇಲ್ಲದಿದ್ದರೆ ಮಣ್ಣು ಒಣಗುವುದಿಲ್ಲ. ನಾವು ನವೆಂಬರಿನಲ್ಲಿ ಕಟ್ಟಿಸಿದ್ದೂ ಮಳೆ ಹಿಂದಾಗಲಿ ಎಂದು ಕಾದೇ. ನಮ್ಮ ಒಲೆ ಅಕ್ಕನಿಗೆ ಹೇಳಿ ಕಳಿಸಿದರೆ ಈಗ ಮೂರು ವಾರ ಕಾಯಬೇಕು. ಜೊತೆಗೆ ಇಬ್ಬರು ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದಾರೆ. ಹೋದ ವಾರ ನಮ್ಮ ತವರಿನಲ್ಲಿ ಅವ್ವನಿಗೆ ಒಲೆ ಕಟ್ಟಲು ಬಂದಾಗ ಮುದ್ದೆ ಪಾತ್ರೆಗೆ ದಾರ ಸುತ್ತಿ ಗಂಟು ಹಾಕಿದ್ದು ಆ ಇಬ್ಬರಲ್ಲಿ ಚಿಕ್ಕವಳು.